ಹಿಟ್ಟಿನಲ್ಲಿ ಎಳೆದ ದಾರಿ

ಮಿಲ್ಲಿನಿಂದ ಆಗಷ್ಟೇ ಬಂದ ರಾಗಿಹಿಟ್ಟಿಗೆ ಒಂದು ಬಿಸಿ ಇರುತ್ತದೆ. ಚೀಲವನ್ನು ಸೊಂಟಕ್ಕೆ ಒತ್ತಿ ಹಿಡಿದರೆ ನಿದ್ದೆಹೋದ ಮಗುವನ್ನು ಎತ್ತಿಕೊಂಡ ಹಾಗೆ. ಅದರ ವಾಸನೆ ಸುಟ್ಟದ್ದೂ ಅಲ್ಲ, ಹಸಿಯೂ ಅಲ್ಲ... ಹೋದ ತಿಂಗಳು ಬಾಬುರಾಯನಕೊಪ್ಪಲಿನ ಮಿಲ್ಲಿನ ಮುಂದೆ ಹಾಗೆ ನಿಂತಿದ್ದಾಗ ಫೋನು ಸದ್ದು ಮಾಡಿತು. ಎಲ್ಲರೂ ಸೇರಿ ಬರೆಯುವ ಅಂತರ್ಜಾಲದ ನಕ್ಷೆಯೊಂದಿದೆ. ಯಾರು ಬೇಕಾದರೂ ತಮ್ಮೂರಿನ ರಸ್ತೆ, ಕೆರೆ, ಬಾವಿಯನ್ನು ಅದಕ್ಕೆ ಸೇರಿಸಬಹುದು, ತಪ್ಪೆನಿಸಿದ್ದನ್ನು ಅಳಿಸಬಹುದು. ಅದರಲ್ಲಿ ನಾನು ನನ್ನ ತವರೂರಿನ ಒಂದು ಕಾಲುದಾರಿಯನ್ನು ಎಳೆದಿದ್ದೆ. ಅದನ್ನು ಯಾರೋ ಅಳಿಸಿದ್ದರು. ಕಾರಣವನ್ನೂ ಬರೆದಿದ್ದರು: ‘ಉಪಗ್ರಹದ ಚಿತ್ರದಲ್ಲಿ ಇಲ್ಲಿ ದಾರಿ ಕಾಣುವುದಿಲ್ಲ.’

ಕೈಯಲ್ಲಿ ಬಿಸಿ ಹಿಟ್ಟು, ಕಣ್ಣ ಮುಂದೆ ಆ ಸಾಲು. ಮಿಲ್ಲಿನತ್ತೆ ನೆನಪಾದಳು.

ನಮ್ಮೂರು ಚಿನಕುರಳಿಯಿಂದ ದೂರವಲ್ಲ. ಹಿಟ್ಟಿನ ಮಿಲ್ಲು ನಮ್ಮ ಮನೆಯ ಪಕ್ಕದಲ್ಲೇ ಇತ್ತು. ಗಂಡ ಸತ್ತ ಮೇಲೆ ಅದನ್ನು ಅವಳೇ ನಡೆಸುತ್ತಿದ್ದಳು. ನನಗೆ ರಕ್ತಸಂಬಂಧವಲ್ಲ. ಊರಿನ ಅರ್ಧ ಜನ ಅತ್ತೆ ಅನ್ನುತ್ತಿದ್ದರು, ನಾನೂ ಅಂದೆ. ಅವಳ ಕಣ್ಣಿನ ರೆಪ್ಪೆಯ ಮೇಲೂ ಹಿಟ್ಟು ಕೂತಿರುತ್ತಿತ್ತು. ಬೆಲ್ಟಿನ ಸದ್ದಿನ ನಡುವೆ ಮಾತಾಡಿ ರೂಢಿಯಾಗಿ, ಮಿಲ್ಲು ನಿಂತಾಗಲೂ ಕೂಗಿಯೇ ಮಾತಾಡುತ್ತಿದ್ದಳು. ಅವಳ ಹತ್ತಿರ ಗುಟ್ಟು ಹೇಳಲು ಯಾರೂ ಹೋಗುತ್ತಿರಲಿಲ್ಲ.

ಅದು ತೊಂಬತ್ತರ ದಶಕದ ನಡುವಿನ ಕಾಲ. ದೊಡ್ಡವರಿಗೆ ಅಕ್ಷರ ಕಲಿಸಲು ಊರೂರಲ್ಲೂ ಸ್ವಯಂಸೇವಕರಿದ್ದರು. ಪಿಯುಸಿ ಮುಗಿಸಿ ಮನೆಯಲ್ಲಿದ್ದ ನಾನೂ ಒಬ್ಬಳು. ನಮಗೆ ತರಬೇತಿ ಕೊಡುತ್ತಿದ್ದವರು ಒಂದು ದಿನ ಪಾಂಡವಪುರದಿಂದ ಬಂದು, ಊರಿನ ನಕ್ಷೆಯನ್ನು ಊರಿನವರೇ ಬರೆಯಬೇಕು ಎಂದರು. ಹಾಳೆಯಲ್ಲಲ್ಲ, ನೆಲದ ಮೇಲೆ. ಮಾರಿಗುಡಿಯ ಮುಂದಿನ ಅಂಗಳವನ್ನು ಸಾರಿಸಿ, ಬೀದಿಗಳಿಗೆ ರಂಗೋಲಿ, ಮನೆಗಳಿಗೆ ಇಟ್ಟಿಗೆ ಪುಡಿ, ಗದ್ದೆಗೆ ಸೊಪ್ಪು. ನಿಯಮ ಒಂದೇ. ತಪ್ಪು ಕಂಡವರು ಕಾಲಿನಿಂದ ಒರೆಸಿ ಸರಿಯಾದ್ದನ್ನು ಬರೆಯಬೇಕು. ಸಂಜೆಗೆ ಏನು ಉಳಿಯುತ್ತದೋ ಅದೇ ಊರಿನ ನಕ್ಷೆ.

ಜಗಳಕ್ಕೆ ಕೊರತೆ ಇರಲಿಲ್ಲ.

“ಲೇ, ನಿಮ್ಮನೆ ಬಂದು ನಮ್ಮ ತಿಪ್ಪೆ ಮೇಲೆ ಕೂತದಲ್ಲೋ” ಎಂದು ಒಬ್ಬ ಅಂದರೆ, ಪಕ್ಕದವನು ತಲೆಯೆತ್ತದೆ, “ತಿಪ್ಪೆ ಇರೋದೇ ನಮ್ಮ ಜಾಗದಲ್ಲಿ ಕಣ್ಲಾ. ಇವತ್ತಾದ್ರೂ ಗೊತ್ತಾಯ್ತಲ್ಲ ಬುಡು” ಅನ್ನುತ್ತಿದ್ದ. ಒಬ್ಬರು ಒರೆಸಿದ್ದನ್ನು ಇನ್ನೊಬ್ಬರು ಬರೆದು, ಅದನ್ನು ಮತ್ತೊಬ್ಬರು ಒರೆಸಿ... ಸಂಜೆಯ ಹೊತ್ತಿಗೆ ಎಲ್ಲರ ಪಾದವೂ ಬಣ್ಣವಾಗಿತ್ತು. ಉಳಿದದ್ದನ್ನು ತರಬೇತಿಯವರು ದೊಡ್ಡ ಹಾಳೆಗೆ ಇಳಿಸಿದರು. ಅದನ್ನು ಪಂಚಾಯ್ತಿ ಆಫೀಸಿನ ಗೋಡೆಗೆ ಅಂಟಿಸಿದರು.

ಅದರಲ್ಲಿ ಒಂದು ಬಿಟ್ಟುಹೋಗಿತ್ತು. ಊರಾಚೆಯ ಸ್ಮಶಾನ, ಮತ್ತು ಅಲ್ಲಿಗೆ ಹೋಗುವ ದಾರಿ. ಬಿಡೋಣ ಎಂದು ಯಾರೂ ಹೇಳಿರಲಿಲ್ಲ. ಸಾವಾದ ಮನೆಯ ಮುಂದೆ ರಂಗೋಲಿ ಇಡುವುದಿಲ್ಲ. ಹಾಗಿರುವಾಗ ರಂಗೋಲಿಯಲ್ಲಿ ಸುಡುಗಾಡನ್ನು, ಅದೂ ಗುಡಿಯ ಮುಂದೆ, ಯಾರು ಬರೆದಾರು? ಹೆಂಗಸರ ಕೈ ಅತ್ತ ಹೋಗಲೇ ಇಲ್ಲ. ಜಮೀನಿದ್ದವರಿಗೆ ಅದು ಕಾಣುವಂಥದ್ದೂ ಆಗಿರಲಿಲ್ಲ. ಅವರು ತಮ್ಮವರನ್ನು ತಮ್ಮ ಹೊಲದಲ್ಲೇ ಮಣ್ಣು ಮಾಡುತ್ತಿದ್ದರು. ಆ ದಾರಿ ಬೇಕಿದ್ದದ್ದು ಜಮೀನಿಲ್ಲದ ನಮ್ಮ ಕೆಳಗಿನ ಬೀದಿಗೆ ಮಾತ್ರ. ಅತ್ತೆಯ ಗಂಡನೂ ಅಲ್ಲೇ ಮಣ್ಣಾಗಿದ್ದ. ಆದರೆ ಅವಳು ಆ ದಿನ ಮಿಲ್ಲು ಬಿಟ್ಟು ಬಂದಿರಲಿಲ್ಲ.

ಆಮೇಲೆ ಆ ದಾರಿಯ ಪಕ್ಕದ ದಿಬ್ಬ, ನಮ್ಮವರ ಬಾಯಲ್ಲಿ ಬೋರೆ, ಕಲ್ಲಿನ ಕ್ವಾರಿಗೆ ಹೋಯಿತು. ಕಂಟ್ರಾಕ್ಟರು ತನ್ನ ಜಾಗದ ಜೊತೆಗೆ ದಾರಿಯನ್ನೂ ಸೇರಿಸಿ ಮುಳ್ಳುಬೇಲಿ ಹಾಕಿಸಿದ. ನಮ್ಮ ಬೀದಿಯವರು ಪಂಚಾಯ್ತಿಗೆ ಹೋದರೆ ಅವನು ಗೋಡೆಯತ್ತ ಕೈ ತೋರಿಸಿದನಂತೆ. “ಇದ್ನ ಬರೆದೋರು ನಾನಲ್ಲ ಕಣ್ರಪ್ಪ, ನೀವೇಯ. ಎಲ್ಲದೆ ತೋರ್ಸಿ ದಾರಿಯ?”

ಇದಾದ ಸ್ವಲ್ಪ ದಿನಕ್ಕೆ, ನನ್ನ ಬಳಿ ಅಕ್ಷರ ಕಲಿಯುತ್ತಿದ್ದ ಒಬ್ಬ ಅಜ್ಜಿ ತೀರಿಕೊಂಡಳು. ನಮ್ಮಲ್ಲಿ ಹೆಂಗಸರೂ ಹೆಣದ ಹಿಂದೆ ಹೋಗುತ್ತೇವೆ. ನಾನು ಕಂಡದ್ದನ್ನಷ್ಟೇ ಹೇಳುತ್ತೇನೆ. ಬೇಲಿಯ ಮುಂದೆ ಚಟ್ಟವನ್ನು ಇಳಿಸಿದರು. ಕಾವಲಿನವನು, ಓನರು ಬರುವ ತನಕ ಬಿಡುವುದಿಲ್ಲ ಎಂದ. ಬೇಲಿಯಾಚೆ ಕಲ್ಲು ಒಡೆಯುವ ಕೆಲಸ ನಿಲ್ಲಲಿಲ್ಲ. ಗಾಳಿಗೆ ಧೂಳು ಬಂದು ಅಜ್ಜಿಯ ಮುಖದ ಮೇಲೆ ಕೂರುತ್ತಿತ್ತು. ಅವಳ ಮಗಳು ಅದನ್ನು ಸೆರಗಿನಿಂದ ಒರೆಸುತ್ತಿದ್ದಳು. ಮತ್ತೆ ಕೂರುತ್ತಿತ್ತು, ಮತ್ತೆ ಒರೆಸುತ್ತಿದ್ದಳು. ಗಂಡಸರು ನೆಲ ನೋಡುತ್ತಾ ನಿಂತಿದ್ದರು.

ಹಿಂದಿನಿಂದ ಅತ್ತೆ ಬಂದಳು. ಯಾರನ್ನೂ ಕೇಳಲಿಲ್ಲ. ಬರಿಗೈಯಲ್ಲಿ ಜಾಲಿ ಮುಳ್ಳಿನ ಕೊಂಬೆ ಹಿಡಿದು ಎಳೆದಳು.

“ಏಯ್, ಯಾರಮ್ಮ ನೀನು? ಓನರು ಬರ್ಲಿ ಅಂದೆ.”

“ಅವ್ನು ಬರೋಗಂಟ ಸತ್ತೋರು ಬಿಸ್ಲಲ್ಲಿ ಕಾಯ್ಬೇಕಾ? ನಿಮ್ಮವ್ವನೂ ಒಂದಿನ ಹೋಗೋಳೇ ಕಣಪ್ಪ. ನಿಂತ್ಕೊಂಡು ನೋಡ್ತೀಯಲ್ಲ, ಇಡ್ಕೊ ಆ ಕಡೆಯ.”

ಕಾವಲಿನವನು ಕೊಂಬೆಯ ಇನ್ನೊಂದು ತುದಿ ಹಿಡಿದ. ಅತ್ತೆಯ ಮುಂಗೈಗೆ ಅಂಟಿದ್ದ ಹಿಟ್ಟಿನ ಮೇಲೆ ರಕ್ತ ಸಣ್ಣ ಸಣ್ಣ ಚುಕ್ಕಿಯಾಗಿ ನಿಂತಿತ್ತು. ಅಜ್ಜಿಯನ್ನು ದಾಟಿಸಿದೆವು.

ಮಾರನೆಯ ದಿನ ಬೇಲಿ ಮತ್ತೆ ಎದ್ದಿತ್ತು. ಅತ್ತೆ ನನ್ನನ್ನು ಕರೆದು, ಬೀದಿಗೆಲ್ಲ ಕೇಳುವ ಹಾಗೆ ಅಂದಳು: “ದಿನಾ ಬೇಲಿ ಕೀಳಕಾಯ್ತದಾ ಕೂಸೇ? ಆ ಗೋಡೆ ಮ್ಯಾಲಿನ ಚಿತ್ರ ಸರಿ ಮಾಡುಸ್ಬೇಕು. ನಿಮ್ಮ ಟ್ರೈನಿಂಗಿನೋರ್ನ ಕರ್ಸು.”

ಕರೆಸಿದೆ. ಮತ್ತೆ ಅದೇ ಅಂಗಳ, ಅದೇ ನಿಯಮ. ಹಳೆಯ ನಕ್ಷೆಯನ್ನು ಹಾಗೇ ನೆಲಕ್ಕೆ ಇಳಿಸಿ, ತಿದ್ದಬೇಕಾದದ್ದನ್ನು ತಿದ್ದಿ ಎಂದರು. ಕಂಟ್ರಾಕ್ಟರೂ ಬಂದು ಗುಡಿಯ ಜಗಲಿಯ ಮೇಲೆ ಕೂತ. ಅತ್ತೆ ರಂಗೋಲಿಗೆ ಕೈ ಚಾಚಿದಾಗ, ಡಬ್ಬ ಹಿಡಿದಿದ್ದ ಹೆಂಗಸು ಅದನ್ನು ಮಡಿಲಿಗೆ ಎಳೆದುಕೊಂಡಳು.

ಊರಿನ ಯಜಮಾನರು ಮೆಲ್ಲಗೇ ಹೇಳಿದರು. “ಗುಡಿ ಮುಂದೆ ಸುಡುಗಾಡು ಬರುದ್ರೆ ಊರಿಗೆ ಒಳ್ಳೇದಾಯ್ತದಾ ತಾಯಿ?”

“ಬರೀದೇ ಇದ್ರೆ ಯಾರೂ ಸಾಯಾಕಿಲ್ವಾ ಯಜಮಾನ್ರೆ? ಅಂಗಾದ್ರೆ ಅಂಗಂತ ಏಳಿ, ನಾನೂ ಬರ್ಯಾಕಿಲ್ಲ.” ಕೆಲವರು ನಕ್ಕರು. ಅವಳು ನಗಲಿಲ್ಲ. “ನಿಮ್ಗೆ ಒಲ ಅದೆ, ಒಲದಲ್ಲಿ ಮಲೀಕತೀರ. ನಮ್ಗೆ ಆ ದಾರಿ ಬುಟ್ರೆ ಏನದೆ?”

ಡಬ್ಬ ಮಡಿಲಿನಿಂದ ಹೊರಗೆ ಬರಲಿಲ್ಲ.

ಅತ್ತೆ ಎದ್ದು ಹೋದಳು. ಮನಸ್ಸು ಮುರಿದು ಹೋದಳು ಎಂದೇ ತಿಳಿದೆ. ಬಂದಾಗ ಕೈಯಲ್ಲಿ ಮೊರವಿತ್ತು. ಮೊರದ ತುಂಬ ಮಿಲ್ಲಿನ ಕೆಳಗೆ ಉದುರಿ ಕೂತಿದ್ದ ರಾಗಿಹಿಟ್ಟು. ಕುಕ್ಕರಗಾಲಿನಲ್ಲಿ ಕೂತು, ಕೆಳಗಿನ ಬೀದಿಯ ತುದಿಯಿಂದ ಶುರುಮಾಡಿ, ಬೋರೆಯನ್ನು ಬಳಸಿ, ಹಿಟ್ಟನ್ನು ಚಿಟಿಕೆ ಚಿಟಿಕೆಯಾಗಿ ಬಿಡುತ್ತಾ ಹಿಂದಕ್ಕೆ ಸರಿದಳು. ಕೊನೆಯಲ್ಲಿ ಒಂದು ಸಣ್ಣ ಚೌಕ ಬರೆದು ಎದ್ದು ನಿಂತಳು.

ಕಂಟ್ರಾಕ್ಟರು ಜಗಲಿಯಿಂದ ಅಂದ: “ಒಪ್ಪದೇ ಇರೋರು ಒರೆಸ್ಬೋದು ಅಂತ ತಾನೆ ರೂಲ್ಸು? ಒರೆಸಿ ಯಜಮಾನ್ರೆ.”

ಯಜಮಾನರು ಮುಂದೆ ಬಂದು ಕಾಲೆತ್ತಿದರು. ಆ ಕಾಲು ಹಾಗೇ ನಿಂತಿತು. ನಮ್ಮ ಕಡೆ ರಾಗಿಹಿಟ್ಟು ಅಪ್ಪಿತಪ್ಪಿ ಕಾಲಿಗೆ ತಾಗಿದರೂ ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತೇವೆ. ರಂಗೋಲಿಯನ್ನು ತುಳಿಯಬಹುದು, ಇಟ್ಟಿಗೆ ಪುಡಿಯನ್ನು ತುಳಿಯಬಹುದು... ಉಣ್ಣುವ ಹಿಟ್ಟನ್ನು ತುಳಿಯುವುದು ಹೇಗೆ? ಅವರು ಕಾಲನ್ನು ಹಿಂದಕ್ಕೆ ತೆಗೆದುಕೊಂಡರು.

“ನೀವೇ ಬನ್ನಿ ಸ್ವಾಮಿ, ಒರುಸ್ಬನ್ನಿ” ಎಂದು ಅತ್ತೆ ಕಂಟ್ರಾಕ್ಟರನ್ನು ಕರೆದಳು. ಅವನೂ ಮುದ್ದೆ ಉಂಡು ಬೆಳೆದವನೇ. ಜಗಲಿಯಿಂದ ಇಳಿಯಲಿಲ್ಲ.

ಹೊತ್ತು ಇಳಿಯುತ್ತಾ ಬಂತು. ಎಲ್ಲಿಂದಲೋ ಇರುವೆಗಳು ಬಂದು ಹಿಟ್ಟಿನ ಗೆರೆಗೆ ಸಾಲು ಕಟ್ಟಿದವು. ಅತ್ತೆ ಸೊಂಟದ ಮೇಲೆ ಕೈಯಿಟ್ಟುಕೊಂಡು ನೋಡಿದಳು. “ಬನ್ರವ್ವ, ನೋಡ್ಬನ್ನಿ. ದಾರೀನೇ ಇಲ್ಲ ಅಂತಿದ್ರಲ್ಲ. ಎಷ್ಟು ಜನ ಓಡಾಡ್ತಾವ್ರೆ.” ಯಜಮಾನರಿಗೂ ನಗು ತಡೆಯಲಾಗಲಿಲ್ಲ. ಸಂಜೆ ಹೊಸ ಹಾಳೆಯಲ್ಲಿ ದಾರಿಯೂ ಇತ್ತು, ಚೌಕವೂ ಇತ್ತು. ಗೋಡೆಯ ಮೇಲೆ ಅದು ಏರಿದ ಮೇಲೆ ಬೇಲಿ ದಾರಿ ಬಿಟ್ಟು ಆಚೆ ಸರಿಯಿತು.

ಹಿಟ್ಟನ್ನು ಯಾರೂ ತುಳಿಯುವುದಿಲ್ಲ ಎಂದು ಮೊದಲೇ ಎಣಿಸಿದ್ದೆಯಾ ಎಂದು ನಾನು ಆಮೇಲೆ ಕೇಳಿದ್ದೆ. ಅವಳು ಬೆಲ್ಟು ಕಳಚುತ್ತಾ, “ನಮ್ಮನೇಲಿ ಇದ್ದುದ್ದೇ ಅದು ಕಣವ್ವ” ಎಂದಳು. ಅವಳು ಮೆಲ್ಲಗೆ ಆಡಿ ನಾನು ಕೇಳಿದ್ದು ಅದೊಂದೇ ಮಾತು...

ಅತ್ತೆ ಈಗಿಲ್ಲ. ಅವಳನ್ನೂ ಅದೇ ದಾರಿಯಲ್ಲಿ ಹೊತ್ತರು. ಮದುವೆಯಾಗಿ ಬಾಬುರಾಯನಕೊಪ್ಪಲಿಗೆ ಬಂದಿದ್ದ ನಾನು ಸುದ್ದಿ ತಿಳಿದು ಹೋಗುವಷ್ಟರಲ್ಲಿ ಮಣ್ಣು ಮುಚ್ಚಿಯಾಗಿತ್ತು. ಹಾಲು ತುಪ್ಪ ಬಿಡುವ ದಿನ ಮಾತ್ರ ಸಿಕ್ಕಿತು. ಮಿಲ್ಲೂ ಹೋಯಿತು, ಗೋಡೆಯ ಹಾಳೆಯೂ ಹೋಯಿತು. ಕ್ವಾರಿ ನಿಂತು, ಅದರ ಗುಂಡಿಯಲ್ಲಿ ನೀರು ನಿಂತಿದೆ. ದಾರಿಯ ಮೇಲೆ ಎರಡೂ ಕಡೆಯಿಂದ ಹೊಂಗೆ ಮರಗಳು ಬಾಗಿ ಸೇರಿಕೊಂಡಿವೆ. ಮೇಲಿನಿಂದ ನೋಡಿದವರಿಗೆ ಕಾಣುವುದಿಲ್ಲ, ನಿಜ.

ಅಳಿಸಿದವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಈ ನಕ್ಷೆಯಲ್ಲಿ ಒರೆಸಲು ಕಾಲು ಎತ್ತಬೇಕಾಗಿಲ್ಲ, ಬೆರಳು ಸಾಕು. ತಡೆಯಲು ಇಲ್ಲಿ ಹಿಟ್ಟನ್ನೂ ಚೆಲ್ಲುವ ಹಾಗಿಲ್ಲ. ಭಾನುವಾರ ಬಸ್ಸು ಹಿಡಿದು ಊರಿಗೆ ಹೋದೆ. ಕೆಳಗಿನ ಬೀದಿಯ ತುದಿಯಿಂದ ಅತ್ತೆ ಮಲಗಿರುವ ಜಾಗದವರೆಗೆ ಫೋನು ಹಿಡಿದು ನಡೆದೆ. ಮಾರನೆಯ ದಿನ, ನಡೆದದ್ದನ್ನೇ ನಕ್ಷೆಯಲ್ಲಿ ಮತ್ತೆ ಎಳೆದೆ. ಚರ್ಚೆಯ ಜಾಗದಲ್ಲಿ ಹೀಗೆ ಬರೆದೆ: ‘ದಾರಿ ಮರದ ಕೆಳಗಿದೆ. ನಿನ್ನೆ ನಡೆದು ಬಂದೆ. ಅನುಮಾನವಿದ್ದವರು ಬನ್ನಿ, ಜೊತೆಯಲ್ಲಿ ನಡೆದು ನೋಡೋಣ.’

ಈವರೆಗೆ ಉತ್ತರ ಬಂದಿಲ್ಲ. ಮತ್ತೆ ಅಳಿಸಿದರೆ ಮತ್ತೆ ಹೋಗುತ್ತೇನೆ. ಅತ್ತೆಯ ಮೊರ ನನ್ನ ಬಳಿ ಇಲ್ಲ... ನಡೆಯಲು ಕಾಲಿದೆ.