ಗೋಡೆಗೆ ನಾಲ್ಕು ಮೊಳೆ

ಕೆಲಸ ಮಾಡುವುದಕ್ಕಿಂತ ಕೆಲಸವನ್ನು ಹೊಂದಿಸಿಡುವುದರಲ್ಲಿ ಹೆಚ್ಚು ಸುಖ ಕಾಣುವವರ ಪೈಕಿ ನಾನು. ಓದಲು ಕೂರುವ ಮೊದಲು ಪುಸ್ತಕಗಳ ಧೂಳು ಒರೆಸಬೇಕು, ಬರೆಯುವ ಮೊದಲು ದೌತಿ ತೊಳೆಯಬೇಕು. ಅಷ್ಟರಲ್ಲಿ ಊಟದ ಹೊತ್ತಾಗಿರುತ್ತದೆ. ದಿನವಿಡೀ ದುಡಿದವನ ತೃಪ್ತಿಯಿಂದ ತಾಟಿನ ಮುಂದೆ ಕೂರುತ್ತೇನೆ.

ಈ ಸ್ವಭಾವಕ್ಕೆ ಒಂದು ಶಾಸ್ತ್ರವೇ ಇದೆ ಎಂದು ತಿಳಿದದ್ದು ಯುದ್ಧದ ಕಾಲದಲ್ಲಿ. ಆಗ ನಾನು ದೇವದುರ್ಗದ ಕಚೇರಿಯೊಂದರಲ್ಲಿ ಗುಮಾಸ್ತ. ಏನೋ ಕೆಲಸಕ್ಕೆ ರಾಯಚೂರಿಗೆ ಹೋದಾಗ, ಅಲ್ಲಿನ ಮುದುಕ ಮುನ್ಷಿಯೊಬ್ಬರ ಬೆನ್ನ ಹಿಂದಿನ ಗೋಡೆಯಲ್ಲಿ ನಾಲ್ಕು ಮೊಳೆಗಳನ್ನು ಕಂಡೆ. ಒಂದೊಂದು ಕೆಲಸಕ್ಕೆ ಒಂದೊಂದು ಚೀಟಿ. ಮೊದಲ ಮೊಳೆಗೆ ಇವತ್ತಿನ ಕೆಲಸ, ಎರಡನೆಯದಕ್ಕೆ ಈ ವಾರದ್ದು, ಮೂರನೆಯದಕ್ಕೆ ಬೇರೆಯವರು ಮಾಡಿಕೊಡಬೇಕಾದದ್ದು. ನಾಲ್ಕನೆಯ ಮೊಳೆಯ ಹೆಸರು ‘ಜೇರೆ ಗೌರ್’.

ಹೈದರಾಬಾದ್ ಸರಕಾರದ ಉರ್ದುವಿನಲ್ಲಿ ಇದಕ್ಕಿಂತ ಸೊಗಸಾದ ಮಾತು ನಾನು ಕಂಡಿಲ್ಲ. ‘ವಿಚಾರದಲ್ಲಿದೆ’ ಎಂದು ಅದರ ಅರ್ಥ. ಮಾಡುತ್ತೇವೆಂಬ ಭರವಸೆ ಅದರಲ್ಲಿಲ್ಲ, ಮಾಡುವುದಿಲ್ಲವೆಂಬ ಒರಟುತನವೂ ಇಲ್ಲ. ವರ ಒಪ್ಪಿಗೆಯಾಗದ ಹೆಣ್ಣಿನ ತಂದೆ “ನೋಡೂನು ಬಿಡ್ರಿ” ಎನ್ನುತ್ತಾನಲ್ಲ, ಅದು ಸ್ವಲ್ಪ ಹತ್ತಿರ ಬರುತ್ತದೆ. ಆದರೆ ಅದಕ್ಕೆ ಕಚೇರಿಯ ಗತ್ತು ಎಲ್ಲಿಂದ ಬರಬೇಕು?

ಊರಿಗೆ ಮರಳಿದವನೇ ಪಡಸಾಲೆಯ ಗೋಡೆಗೆ ನಾಲ್ಕು ಮೊಳೆ ಹೊಡೆದೆ. ಸಮಯವೂ ಕೂಡಿಬಂದಿತ್ತು. ಅಪ್ಪ ತೀರಿಕೊಂಡಿದ್ದ, ತಂಗಿ ನೀಲವ್ವನಿಗೆ ಮಾನ್ವಿಯ ಮಾಸ್ತರನೊಬ್ಬ ಗೊತ್ತಾಗಿದ್ದ, ಮದುವೆಯ ಭಾರವೆಲ್ಲ ನನ್ನ ಮೇಲಿತ್ತು. ಹಂದರ, ಬಾಜಾ, ಸಕ್ಕರೆಯ ಪರವಾನಗಿ, ರಾಯಚೂರಿನಿಂದ ಸೀರೆ, ಎಲ್ಲಕ್ಕೂ ಚೀಟಿ ಬರೆದು ಸಿಕ್ಕಿಸಿದೆ. ದಿನಾ ಮುಂಜಾನೆ ಚೀಟಿಗಳನ್ನು ಈ ಮೊಳೆಯಿಂದ ಆ ಮೊಳೆಗೆ ಬದಲಿಸುವುದರಲ್ಲಿ ಒಂದು ತಾಸು ಹೋಗುತ್ತಿತ್ತು. ಆ ಹೊತ್ತಿನಲ್ಲಿ ನನ್ನನ್ನು ಯಾರೂ ಮಾತಾಡಿಸಬಾರದು.

ನನ್ನ ಹೆಂಡತಿ ಗಂಗವ್ವ ಒಂದು ದಿನ ತಡೆಯಲಾರದೆ ಕೇಳಿದಳು. “ಏನ್ ಮಾಡಾಕತ್ತೀರಿ?”

“ಮದುವಿ ಕೆಲಸ.”

“ಹಂದರದವರಿಗೆ ಹೇಳಿದ್ರೇನು?”

“ಅದು ಎರಡನೇ ಮೊಳಿಯಾಗ ಅದ.”

ಅವಳು ಸೆರಗು ಹೊದ್ದು ಹೊರಟು, ಹಂದರದವರಿಗೆ ತಾನೇ ಹೇಳಿ ಬಂದಳು. ನಾನು ಆ ಚೀಟಿಯನ್ನು ಹರಿದೆ. ಕೆಲಸವೊಂದು ಮುಗಿದಾಗ ಚೀಟಿ ಹರಿಯುವ ಆನಂದ, ಮಾಡಿದವರು ಯಾರೇ ಇರಲಿ, ಕಡಿಮೆಯಾಗುವುದಿಲ್ಲ.

ಮದುವೆಯ ಹಿಂದಿನ ದಿನ ನಾಲ್ಕನೆಯ ಮೊಳೆಯಲ್ಲಿ ಒಂದು ಚೀಟಿ ಉಳಿದಿತ್ತು. ‘ಜಾಲಹಳ್ಳಿ, ಸೋದರಮಾವ.’ ಬಸಣ್ಣ ಮಾವ ಅವ್ವನ ಒಬ್ಬನೇ ತಮ್ಮ. ಮದುಮಗಳನ್ನು ಕೈಹಿಡಿದು ಹಂದರಕ್ಕೆ ಕರೆತರಬೇಕಾದವನು ಅವನೇ. ಯಾರದೋ ಮದುವೆಯಲ್ಲಿ ತನಗೆ ಹೋಳಿಗೆಯ ಮೇಲೆ ತುಪ್ಪ ಬಡಿಸಲಿಲ್ಲವೆಂದು ಆ ಮನೆಯ ಹಾದಿಯನ್ನೇ ಬಿಟ್ಟವನು. ಕರೆಯಲು ಅವನ ಮನೆಗೆ ಹೋದರೆ ಆ ತುಪ್ಪದ ಕಥೆಯನ್ನು ಇನ್ನೊಮ್ಮೆ ಕೇಳಬೇಕು. ಅದಕ್ಕೇ ಆ ಕೆಲಸವನ್ನು ವಿಚಾರದಲ್ಲಿಟ್ಟಿದ್ದೆ.

ಯಾರಿಗೂ ಹೇಳಲು ಮುಖವಿಲ್ಲದೆ, ಹುಸೇನಪ್ಪನ ಬಂಡಿ ಹೂಡಿಸಿ ಜಾಲಹಳ್ಳಿಗೆ ಹೊರಟೆ. ಹಾದಿಯುದ್ದಕ್ಕೂ “ನಾಳಿ ನಮ್ಮ ನೀಲವ್ವನ ಲಗ್ನ ಅದ, ತಪ್ಪದ ಬರಬೇಕು ಮಾವಾ” ಎಂಬ ಮಾತನ್ನು ಬೇರೆ ಬೇರೆ ದನಿಗಳಲ್ಲಿ ಹೇಳಿ ನೋಡಿದೆ. ದಣಿವಾಗಿ, ಧೂಳಿಗೆ ಮುಖದ ಮೇಲೆ ರುಮಾಲು ಎಳೆದುಕೊಂಡು ಮಲಗಿಬಿಟ್ಟೆ. ಸಂಜೆ ಮಾವನ ಮನೆ ಮುಟ್ಟಿದರೆ ಬಾಗಿಲಿಗೆ ಬೀಗ.

ಪಕ್ಕದ ಮನೆಯ ಮುದುಕಿ ಕಟ್ಟೆಯ ಮೇಲೆ ಕೂತಲ್ಲಿಂದಲೇ ಹೇಳಿದಳು. “ಮುಂಜಾಲೇ ಬಂಡಿ ಕಟ್ಟಿಕೊಂಡು ಹ್ವಾದ್ರಲ್ಲೋ ಯಪ್ಪಾ. ನಿಮ್ಮ ನೀಲವ್ವ ಬಳಿಗಾರಾಕಿ ಕೈಯಾಗ ಅಕ್ಷತಿ ಕಳಿಸಿದ್ಳು. ಅಣ್ಣ ಬಂದು ಕರಿಲಿ ಅಂತ ಕಾಯಬ್ಯಾಡ ಮಾವಾ, ಲಗ್ನನ ಮುಗದು ಹೋಗ್ತದ ಅಂತ ಹೇಳಿ ಕಳಿಸಿದ್ಳಂತ.”

“ಹಂಗಾರ ಹಾದಿಯಾಗ ಎದುರಿಗೆ ಬಂದವರು ಅವರ ಇರಬೇಕ್ರಿ,” ಎಂದ ಹುಸೇನಪ್ಪ. “ಗಡ್ಡದ ಹಿರಿಯರು ನಿಮ್ಮ ಕಡೆ ನೋಡಿ, ಯಾರದು ಅಂದ್ರು. ಯಾರೋ ಜಡ್ಡಿನವರು ಇರಬೇಕು ಅಂತ ಬಂಡಿಯಾಗಿನ ಹೆಣಮಕ್ಕಳು ಅಂದ್ರು. ನಿದ್ದಿಯಾಗಿದ್ರಿ, ಯಾಕ ಎಬ್ಬಸೂದು ಅಂತ ಸುಮ್ಮನಾದೆ.”

ಎತ್ತುಗಳು ದಣಿದಿದ್ದವು. ರಾತ್ರಿ ಅಲ್ಲೇ ಕಟ್ಟೆಯ ಮೇಲೆ ಕಳೆದು, ಕೋಳಿ ಕೂಗುವ ಹೊತ್ತಿಗೆ ಮತ್ತೆ ಬಂಡಿ ಹೂಡಿದೆವು. ಮುಹೂರ್ತ ಬೆಳಗಿನದು, ತಂದೆಯ ಜಾಗದಲ್ಲಿ ನಿಂತು ನಾನೇ ಧಾರೆ ಎರೆಯಬೇಕು. ಹೊತ್ತು ಏರಿದಂತೆ ನನ್ನ ಕಣ್ಣು ಮಂಜಾಗತೊಡಗಿತು. ನೀಲವ್ವ ಒಬ್ಬಳೇ ಮಣೆಯ ಮೇಲೆ ಕೂತು ಬಾಗಿಲು ನೋಡುತ್ತಿರುವಂತೆ ಅನಿಸಿತು. ಚಿಕ್ಕವಳಿದ್ದಾಗ ನನ್ನ ಬೆನ್ನೇರಿ ಸಂತೆಗೆ ಬರುತ್ತಿದ್ದ ಹುಡುಗಿ. ಕೊನೆಯ ಹರದಾರಿಯನ್ನು ಬಂಡಿಯಿಂದ ಇಳಿದು ಓಡಿದೆ. ಎತ್ತುಗಳಿಗಿಂತ ನಾನೇನೂ ಹೆಚ್ಚು ವೇಗದವನಲ್ಲ. ಹುಸೇನಪ್ಪ ಪಕ್ಕದಲ್ಲೇ ಬರುತ್ತ, “ಹತ್ರಿ ಮ್ಯಾಲೆ,” ಎನ್ನುತ್ತಲೇ ಇದ್ದ.

ಮನೆ ಮುಟ್ಟಿದಾಗ ನಡುಮಧ್ಯಾಹ್ನ. ಅಳುವ ದನಿ ಕೇಳುತ್ತದೆಂದುಕೊಂಡು ಬಂದರೆ, ಹಂದರದಲ್ಲಿ ಬೀಗರು ಎಲೆಯಡಿಕೆ ಹಾಕಿಕೊಂಡು ಆರಾಮಾಗಿ ಹರಟುತ್ತಿದ್ದಾರೆ. ಮುಂದೆಯೇ ಬಸಣ್ಣ ಮಾವ ಕೂತಿದ್ದಾನೆ.

“ಬಾರಲೇ, ಎಲ್ಲಿಗಿ ಹೋಗಿದ್ದಿ?”

“ನಿಮ್ಮನ್ನ ಕರಿಯಾಕ, ಮಾವಾ.”

“ಹಂಗಾರ ಕರಿ. ನೀ ಇನ್ನೂ ಕರದಿಲ್ಲ.”

ಗಂಗವ್ವ ನಗು ತಡೆದುಕೊಂಡು ಕುಂಕುಮದ ಬಟ್ಟಲು ಹಿಡಿದಳು. ಧೂಳು ಮೆತ್ತಿದ ಕೈಯಿಂದಲೇ ಮಾವನ ಹಣೆಗೆ ಹಚ್ಚಿ, ಹಾದಿಯುದ್ದಕ್ಕೂ ಉರು ಹೊಡೆದದ್ದನ್ನು ಒಪ್ಪಿಸಿದೆ. “ನಾಳಿ ನಮ್ಮ ನೀಲವ್ವನ ಲಗ್ನ ಅದ, ತಪ್ಪದ ಬರಬೇಕು ಮಾವಾ.”

“ನಾಳಿ ಆದ್ರ, ಇವತ್ತು ಇಲ್ಲಿ ಏನ್ ನಡದದಲೇ?” ಎಂದ ಮಾವ. ಹಂದರವೆಲ್ಲ ನಕ್ಕಿತು. ಮಾವನೂ ನಕ್ಕು, ಎದ್ದು, ಮದುಮಗಳನ್ನು ಕರೆತರಲು ಒಳಗೆ ಹೋದ. ಧಾರೆಯಾಯಿತು, ಅಕ್ಕಿಕಾಳೂ ಬಿತ್ತು. ಎಲ್ಲವೂ ಸಾಂಗವಾಗಿ ಮುಗಿಯಿತು.

ಊಟಕ್ಕೆ ಏಳುವ ಮೊದಲು ನೀಲವ್ವನ ಹತ್ತಿರ ಕೂತು ಮೆಲ್ಲಗೆ ಕೇಳಿದೆ. “ಅವ್ವಿ, ಮುಂಜಾನಿ ಮುಹೂರ್ತ ತಪ್ಪಿದ್ದಕ್ಕ ಅಯ್ಯನೋರು ಏನೂ ಅನ್ನಲಿಲ್ಲೇನು?”

“ಮುಹೂರ್ತ ಮಧ್ಯಾಹ್ನದ್ದ ಇತ್ತಲ್ಲ,” ಎಂದಳು. “ಊರಾಗ ಎಲ್ಲಾರಿಗೂ ಗೊತ್ತಿತ್ತು. ನಿನಗೊಬ್ಬವಗ ಮುಂಜಾನಿ ಅಂತ ಹೇಳಿದ್ವಿ.”

“ನನಗ್ಯಾಕ ಖರೇ ಹೇಳಲಿಲ್ಲ?”

“ಹೇಳಿದ್ರ ನೀ ಸಂಜಿಗೆ ಬರ್ತಿದ್ದಿ, ಅಣ್ಣಾ,” ಎಂದು ನೀಲವ್ವ ತನ್ನ ಹೊಸ ಸೀರೆಯ ಸೆರಗಿನಿಂದ ನನ್ನ ಮುಖದ ಧೂಳು ಒರೆಸಿದಳು.