ಪ್ರೂಫ್ ಅಕ್ಕನ ಕಲಿಕೆ

ನಮ್ಮ ಪ್ರೆಸ್ಸಿನಲ್ಲಿ ಇಪ್ಪತ್ತೆರಡು ವರ್ಷ ಪುಟ ಜೋಡಿಸಿದವಳನ್ನು ಎಲ್ಲರೂ ಪ್ರೂಫ್ ಅಕ್ಕ ಎಂದೇ ಕರೆಯುತ್ತಿದ್ದೆವು. ಕಾಗದದ ಮೇಲೆ ಕಾಣುವ ತನಕ ಆಕೆ ಯಾವುದನ್ನೂ ನಂಬಿದವಳಲ್ಲ. ನಾನು ಬೈಂಡಿಂಗ್ ಮೇಜಿನವನು. ಆಕೆಯ ಕುರ್ಚಿಗೂ ನನ್ನ ಅಂಟಿನ ಡಬ್ಬಿಗೂ ನಾಲ್ಕೇ ಹೆಜ್ಜೆ.

ಅಚ್ಚಿನ ಕೆಲಸ ಇಳಿಯತೊಡಗಿದಾಗ ಯಜಮಾನರು ಆಕೆಯನ್ನು ಕರೆದು, ಗಿರಾಕಿಗಳಿಗೆ ವೆಬ್‌ಸೈಟ್ ಮಾಡಿಕೊಡುವುದನ್ನು ಕಲಿತರೆ ಕೆಲಸ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ ಎಂದರು. ಆಗ ಅಕ್ಕನಿಗೆ ನಲವತ್ತೈದು. ಗಂಡ ಹಾಸಿಗೆ ಹಿಡಿದಿದ್ದ. ಈ ಸಂಬಳ ಬಿಟ್ಟರೆ ಮನೆಗೆ ಬೇರೆ ಗತಿಯಿರಲಿಲ್ಲ.

ಊಟದ ಬಿಡುವಿನಲ್ಲಿ ಹಳೆಯ ಪುಸ್ತಕವೊಂದನ್ನು ಮುಂದಿಟ್ಟುಕೊಂಡು ಕಲಿತಳು. ಕೋಡನ್ನು ಮೊದಲು ಪೆನ್ಸಿಲಿನಲ್ಲಿ ಬರೆಯುವುದು, ಆಮೇಲೆ ಕಂಪ್ಯೂಟರಿಗೆ ಹಾಕುವುದು. ಒಂದು ಚಿಹ್ನೆ ಬಿಟ್ಟುಹೋದರೆ ಇಡೀ ಪುಟ ಮಾಯ. ಅಚ್ಚಿನ ಮೊಳೆಯಾಗಿದ್ದರೆ ಮೇಜಿನ ಕೆಳಗಾದರೂ ಹುಡುಕಬಹುದಿತ್ತು ಎಂದು ಗೊಣಗುತ್ತಿದ್ದಳು.

ವರ್ಷದ ಮೇಲೆ ಮೊದಲ ಸೈಟ್ ಸಿದ್ಧವಾಯಿತು, ಒಂದು ಕನ್ನಡಕದಂಗಡಿಯದು. ಪ್ರೆಸ್ಸಿನ ಪದ್ಧತಿಯಂತೆ ಅಕ್ಕ ಪ್ರತಿ ಪುಟವನ್ನೂ ಮುದ್ರಿಸಿ, ಕೆಂಪು ಶಾಯಿಯಲ್ಲಿ ತಿದ್ದಿ, ಅಂಗಡಿಯವನಿಂದಲೂ ಯಜಮಾನರಿಂದಲೂ ಸಹಿ ಹಾಕಿಸಿಕೊಂಡಳು. ಕಾಗದದಲ್ಲಿ ಎಲ್ಲ ಕಣ್ಣಿಗೆ ಹಬ್ಬ. ಫೋನಿನಲ್ಲಿ ತೆರೆದು ನೋಡಬೇಕೆಂದು ಅಷ್ಟು ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಸೈಟ್ ಶುರುವಾದ ದಿನ ಅಂಗಡಿಯವನು ಫೋನಿನಲ್ಲಿ ತೆರೆದರೆ ಇರುವೆ ಸಾಲಿನಂಥ ಅಕ್ಷರ. ಎರಡು ಕನ್ನಡಕ ಬದಲಿಸಿದರೂ ಓದಲಾಗಲಿಲ್ಲವಂತೆ. ಸಹಿ ಹಾಕಿದವರು ಇಬ್ಬರು, ಬೈಸಿಕೊಂಡವಳು ಅಕ್ಕ ಒಬ್ಬಳೇ. ಅದನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಅಕ್ಕ ಪಟ್ಟು ಬಿಡಲಿಲ್ಲ. ಪರದೆಯ ಅಗಲಕ್ಕೆ ತಕ್ಕಂತೆ ಪುಟ ಹೊಂದಿಕೊಳ್ಳುವ ವಿದ್ಯೆ ಕಲಿತಳು. ಅದು ಕೈಗೆ ಹತ್ತುವಷ್ಟರಲ್ಲಿ ಆ ವಿಧಾನ ಹಳತಾಯಿತು ಎಂದರು, ಹೊಸದನ್ನು ಕಲಿತಳು. ಅದೂ ಹಳತಾಯಿತು. ಹೀಗೆ ಆರು ವರ್ಷ. ಕೊನೆಗೆ ನಮ್ಮ ಪ್ರೆಸ್ಸಿನದೇ ಸೈಟನ್ನು ತಳಪಾಯದಿಂದ ಕಟ್ಟಿ, ನಮ್ಮೆಲ್ಲರ ಫೋನು ಇಸಿದುಕೊಂಡು ಒಂದೊಂದರಲ್ಲೂ ನೋಡಿದಳು. ಗಾಜು ಒಡೆದ ನನ್ನ ಫೋನಿನಲ್ಲೂ ಚೆನ್ನಾಗಿಯೇ ಕಾಣುತ್ತಿತ್ತು.

ಅದನ್ನು ಹಾಕಬೇಕಾದ ವಾರವೇ ಯಜಮಾನರ ಅಳಿಯ ಬಂದ. ಯಾವುದೋ ಸಿದ್ಧ ನಮೂನೆ ಆರಿಸಿ, ನಾಲ್ಕು ಫೋಟೊ ತುಂಬಿ, ಮಧ್ಯಾಹ್ನದೊಳಗೆ ಬೇರೆ ಸೈಟ್ ನಿಲ್ಲಿಸಿಬಿಟ್ಟ. ಯಜಮಾನರು ಹಿಗ್ಗಿಹೋದರು. ಅಕ್ಕನದನ್ನು ತೆರೆದೂ ನೋಡದೆ, ನಮ್ಮೆದುರೇ ಹೇಳಿದರು:

"ಇದನ್ನೂ ಕಲ್ತುಬಿಡಮ್ಮ. ಮೂರು ತಿಂಗಳು ನೋಡೋಣ."

"ಕಲಿಯೋಕಾಗಲ್ಲ ಅಂತಲ್ಲ ಯಜಮಾನ್ರೆ," ಎಂದಳು ಅಕ್ಕ. "ಕಲ್ತಿದ್ದನ್ನ ಒಂದು ದಿನ ಆದ್ರೂ ಬಳಸೋಕೆ ಬಿಡಿ."

ಯಜಮಾನರು ನನ್ನ ಕಡೆ ತಿರುಗಿದರು. "ನೀನೇ ಹೇಳಪ್ಪ, ನಾನು ಅಂದಿದ್ರಲ್ಲಿ ಏನಾದ್ರೂ ತಪ್ಪಿದೆಯಾ?"

"ಇಲ್ಲ ಯಜಮಾನ್ರೆ," ಎಂದೆ.

ಮರುದಿನ ಒಂಬತ್ತಕ್ಕೆ ಅಕ್ಕ ಬಂದವಳೇ ಆ ಅಳಿಯನ ಪಕ್ಕ ಕುರ್ಚಿ ಎಳೆದುಕೊಂಡು, ಹೇಳಿಕೊಡಪ್ಪ ಎಂದಳು. ನನ್ನ ಜೊತೆ ಮಾತು ಬಿಟ್ಟಳು.