ಖಾಲಿ ಊರಿನ ಮೂರನೇ ಸಂಪುಟ

ಆ ಕೆಲಸ ನನಗೆ ಸಿಕ್ಕಿದ್ದು ಕನ್ನಡ ಓದಲು ಬರುತ್ತದೆ ಎಂಬ ಒಂದೇ ಕಾರಣಕ್ಕೆ. ಮುಂಬೈ ಅಂಧೇರಿಯ ಕಂಪನಿಯೊಂದು ಒಂಬತ್ತು ಸಂಪುಟಗಳ ಕನ್ನಡ ಕಾದಂಬರಿ ಮಾಲೆಯ ಹಕ್ಕು ಕೊಂಡು ಹಿಂದಿ ವೆಬ್ ಸೀರೀಸ್ ಮಾಡಲು ಹೊರಟಿತ್ತು. ಬರೆಯುವ ತಂಡದಲ್ಲಿ ಯಾರಿಗೂ ಕನ್ನಡ ಓದಲು ಬಾರದು. ಸಬ್‌ಟೈಟಲ್ ಬರೆದು ಬದುಕುತ್ತಿದ್ದ ನನ್ನ ಹೆಸರನ್ನು ಯಾರೋ ಹೇಳಿದರಂತೆ. ಮನೆಯಲ್ಲಿ ಕೂತು ಓದುವುದು, ಗುರುವಾರ ಹೋಗಿ ಓದಿದ್ದನ್ನು ಕಥೆಯಾಗಿ ಹೇಳುವುದು, ಅಷ್ಟೇ ಕೆಲಸ.

ಕಥೆ ನಡೆಯುವುದು ಸಮುದ್ರ ಹಿಂದೆ ಹಿಂದೆ ಸರಿಯುತ್ತಲೇ ಇರುವ ಒಂದು ಲೋಕದಲ್ಲಿ. ನೀರಿನ ಬೆನ್ನು ಹತ್ತಿ ಅಲ್ಲಿಯ ಊರುಗಳು ದೊಡ್ಡ ಗಾಲಿಗಳ ಮೇಲೆ ಚಲಿಸುತ್ತವೆ. ಊರೂರಿನ ನಡುವೆ ಯುದ್ಧ, ಮೂರು ತಲೆಮಾರಿನ ಹಗೆ, ಯಾರು ಯಾರ ಮಗ ಎಂದು ನೆನಪಿಡುವುದೇ ಕಷ್ಟವಾಗುವಷ್ಟು ಜನ.

ನಾನು ಕಾಂದಿವಲಿಯ ಒಂದು ರೂಮಿನ ಮನೆಯಲ್ಲಿ ಒಬ್ಬಳೇ ಇದ್ದೆ. ಧಾರವಾಡದಿಂದ ಜೊತೆಗೆ ಬಂದಿದ್ದ ಗೆಳತಿ ಮದುವೆಯಾಗಿ ಪುಣೆಗೆ ಹೋಗಿದ್ದಳು. ಗುರುವಾರ ತಂಡದ ಮುಂದೆ ಬಾಯಿ ತೆರೆದಾಗ ಮೊದಲ ಎರಡು ಮಾತು ಒಡೆದು ಬರುತ್ತಿದ್ದವು. ವಾರವೆಲ್ಲ ಗಂಟಲಿಗೆ ಕೆಲಸವೇ ಇರುತ್ತಿರಲಿಲ್ಲ.

ಮೂರನೇ ಸಂಪುಟ ಓದಿದ್ದು ಮಳೆಗಾಲ ಮುಗಿಯುವ ಹೊತ್ತಿಗೆ. ಅದರಲ್ಲಿ ಗಾಲಿಗಳು ಕಚ್ಚಿಕೊಂಡು ಒಂದು ಊರು ನಿಂತುಬಿಡುತ್ತದೆ. ಜನರೆಲ್ಲ ಬೇರೆ ಊರು ಹತ್ತಿ ಹೋಗುತ್ತಾರೆ. ಒಬ್ಬ ಹೆಂಗಸು ಮಾತ್ರ ಉಳಿಯುತ್ತಾಳೆ. ಇಡೀ ಸಂಪುಟದಲ್ಲಿ ಬೇರೆ ಯಾರೂ ಇಲ್ಲ. ಆಕೆ ಬಾಗಿಲು ತೆರೆಯುತ್ತಾಳೆ, ಬೇರೆಯವರ ಅಡುಗೆಮನೆಯಲ್ಲಿ ಒಲೆ ಹಚ್ಚುತ್ತಾಳೆ, ದಿನಕ್ಕೊಂದು ಮನೆಯಲ್ಲಿ ಮಲಗುತ್ತಾಳೆ. ಓದುತ್ತಾ ನನಗೆ ಅಳು ಬಂತು. ಬರೆದವರು ನನ್ನನ್ನು ಎಲ್ಲಿಂದಲೋ ನೋಡಿದ್ದಾರೆ ಅನ್ನಿಸಿತು.

ತಂಡದ ಹೆಡ್ ರೈಟರ್ ಮಂಗಳೂರು ಮೂಲದ ಹುಡುಗಿ, ಬೊರಿವಲಿಯಲ್ಲೇ ಹುಟ್ಟಿ ಬೆಳೆದವಳು. ಕೇಳಿದರೆ ಕನ್ನಡ ತಿಳಿಯುತ್ತಿತ್ತು, ಮಾತು ತಡವರಿಸುತ್ತಿತ್ತು. ನಾನು ಹೇಳಿ ಮುಗಿಸಿದ ಮೇಲೆ ಅವಳು ಮೆಲ್ಲಗೆ ಅಂದಳು:

"ಅಕ್ಕ, ಫೀಲಿಂಗ್ ಸಮಜ್ ಆಗ್ತದೆ. ಆದ್ರೆ ಕ್ಯಾಮೆರಾ ಎದುರು ಅವಳು ಏನು ಮಾಡ್ತಾಳೆ? ಸುಮ್ನೆ ನಡೀತಾಳಾ? ಇದನ್ನ ಪೂರಾ ಬಿಟ್ಟುಬಿಡುವ."

ಒಂಬತ್ತು ಸಂಪುಟವನ್ನು ಎಂಟು ಎಪಿಸೋಡಿಗೆ ಇಳಿಸಬೇಕಿತ್ತು. ಅದಾಗಲೇ ಇಬ್ಬರು ಅಣ್ಣತಮ್ಮಂದಿರು ಸೇರಿ ಒಂದೇ ಪಾತ್ರವಾಗಿದ್ದರು, ಒಂದು ಯುದ್ಧ ಬರೀ ಮಾತಿನಲ್ಲಿ ಮುಗಿದಿತ್ತು. ಆಗ ನಾನು ಏನೂ ಅಂದಿರಲಿಲ್ಲ. ಈ ಸಲ ಸುಮ್ಮನಿರಲಾಗಲಿಲ್ಲ. "ಬರೆದವರನ್ನು ಒಂದು ಮಾತು ಕೇಳಿ ಬರ್ತೀನಿ" ಅಂದೆ.

ಬರೆದವರು ಚೆಂಬೂರಿನಲ್ಲಿದ್ದರು. ವಿಜಯಪುರದ ಕಡೆಯವರು, ಮುಂಬೈಯ ಕಾರ್ಖಾನೆಯೊಂದರ ಸ್ಟೋರಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಕುರ್ಲಾದಲ್ಲಿ ಗಾಡಿ ಬದಲಿಸಿ ಹೋದೆ. ಮನೆಯಲ್ಲಿ ಮಗ, ಸೊಸೆ, ಮೊಮ್ಮಕ್ಕಳು, ಊರಿಂದ ಬಂದ ನೆಂಟರು. ಟಿವಿ ಹಚ್ಚಿತ್ತು, ಕುಕ್ಕರ್ ಕೂಗುತ್ತಿತ್ತು. ಅವರು ಮಂಚದ ತುದಿಯಲ್ಲಿ ನನಗೆ ಜಾಗ ಮಾಡಿಕೊಟ್ಟರು.

"ಸರ್," ಎಂದು ಶುರು ಮಾಡಿದೆ.

"ಸರ್ ಗಿರ್ ಬ್ಯಾಡ. ಕಾಕಾ ಅನ್ನವ್ವಾ."

ಮೂರನೇ ಸಂಪುಟ ಕೈಬಿಡುತ್ತಾರಂತೆ ಅಂದೆ. ನಾನು ಅದನ್ನು ಓದಿ ಅತ್ತಿದ್ದನ್ನೂ ಹೇಳಿದೆ. ಕಾಕಾ ನನ್ನ ಮುಖವನ್ನೇ ನೋಡಿದರು.

"ಅತ್ತಿ? ಯಾಕ? ನಾ ಭಾಳ ಖುಷೀಲೆ ಬರದದ್ದು ಅದೊಂದ."

ಆಕೆ ಒಬ್ಬಳೇ ಉಳಿದಳಲ್ಲ ಅಂದೆ.

"ಒಂಬತ್ತರಾಗ ಮದಲ ಬರದದ್ದೂ ಅದ. ಅವಾಗ ಮುಂಬೈಕ್ಕ ಹೊಸದಾಗಿ ಬಂದಿದ್ದೆ. ಚಾಳಿನ ಒಂದ ಖೋಲ್ಯಾಗ ಹತ್ತಹನ್ನೆರಡ ಮಂದಿ. ಒಬ್ಬ ಡ್ಯೂಟಿಗೆ ಎದ್ದು ಹೋದ್ರ ಅವನ ಹಾಸಿಗ್ಯಾಗ ಇನ್ನೊಬ್ಬ. ಒಂದ ಖಾಲಿ ಮನಿ ಸಿಕ್ಕಿದ್ರ ಹೆಂಗಿರತಿತ್ತು ಅಂತ ಬರಕೋತ ಕುಂತೆ. ಒಂದ ಮನಿ ಸಾಲಲಿಲ್ಲ. ಇಡೀ ಊರ ಆಕಿಗೆ ಕೊಟ್ಟೆ." ಪಕ್ಕದಲ್ಲಿ ಜಗಳಾಡುತ್ತಿದ್ದ ಮೊಮ್ಮಕ್ಕಳನ್ನು ಒಂದು ಕೈಯಿಂದ ಬಿಡಿಸುತ್ತಾ ಅಂದರು, "ಆಕಿ ಒಮ್ಮೆರ ಅತ್ತದ್ದು ನಾ ಬರದೇನೇನು, ನೋಡು."

ಮನೆಗೆ ಬಂದು ನೋಡಿದೆ. ಆಕೆ ಎಲ್ಲೂ ಅತ್ತಿರಲಿಲ್ಲ. ನಡುಬೀದಿಯಲ್ಲಿ ನಿಂತು ದೊಡ್ಡ ದನಿಯಲ್ಲಿ ಹಾಡುತ್ತಿದ್ದಳು, ಹೊಟ್ಟೆ ತುಂಬಾ ಉಣ್ಣುತ್ತಿದ್ದಳು, ಕೈಕಾಲು ಚಾಚಿ ಮಲಗುತ್ತಿದ್ದಳು. ಇಷ್ಟು ದಿನ ನನ್ನ ಜೊತೆ ಕೂತಿದ್ದವಳು ಎದ್ದು ಹೋದ ಹಾಗಾಯಿತು. ಪುಸ್ತಕ ಮುಚ್ಚಿಟ್ಟು, ಬೇಕಿಲ್ಲದಿದ್ದರೂ ಕೆಳಗಿನ ಅಂಗಡಿಗೆ ಹೋಗಿ ಹಾಲು ತಂದೆ.

ಆ ಗುರುವಾರ ಕಥೆಯನ್ನು ಮತ್ತೆ ಹೇಳಿದೆ, ಕಾಕಾ ಹೇಳಿದ ಹಾಗೆ. ಹೆಡ್ ರೈಟರ್ ಪೆನ್ನು ಕೆಳಗಿಟ್ಟಳು. "ನಮ್ಮನೇಲಿ ಏಳು ಜನ ಅಕ್ಕ. ಬಾತ್‌ರೂಮಲ್ಲಿ ಕೂತು ಫೋನ್ ಮಾಡ್ತೇನೆ ನಾನು," ಅಂದಳು. ಪೆನ್ನನ್ನು ಮತ್ತೆ ಎತ್ತಿಕೊಂಡು, "ಒಂದು ಸೀನ್ ಇಡುವ," ಅಂದಳು.

ಸೀನ್ ಉಳಿಯಿತು. ಮಾತಿಲ್ಲದ ಸೀನಿಗೆ ದುಡ್ಡು ಹಾಕುವವರು ಒಪ್ಪಲಿಲ್ಲವಾದ್ದರಿಂದ ಆಕೆಯ ಹೆಗಲ ಮೇಲೆ ಮಾತಾಡುವ ಯಂತ್ರದ ಹಕ್ಕಿಯೊಂದು ಬಂದು ಕೂತಿತು. ಸೀರೀಸ್ ಬಿಡುಗಡೆಯಾದ ಶನಿವಾರ ಮಧ್ಯಾಹ್ನ ಲ್ಯಾಪ್‌ಟಾಪ್ ಮುಂದಿಟ್ಟುಕೊಂಡು ಒಬ್ಬಳೇ ನೋಡಿದೆ. ಆಕೆ ಖಾಲಿ ಬೀದಿಯಲ್ಲಿ ನಡೆದಳು. ಹಕ್ಕಿ ಏನೋ ಚೇಷ್ಟೆ ಮಾಡಿತು. ಆಕೆ ನಕ್ಕಳು. ಅಷ್ಟರಲ್ಲಿ ಯುದ್ಧ ಬಂತು.

ಸಂಜೆ ಕಾಕಾ ಫೋನ್ ಮಾಡಿದರು. ಹಿಂದೆ ಮಕ್ಕಳ ಗದ್ದಲ.

"ಹಕ್ಕಿ ತಂದ ಕುಂದರಿಸ್ಯಾರಲ್ಲವ್ವಾ. ಅಲ್ಲೂ ಒಬ್ಬ ರೂಮ್ ಪಾರ್ಟ್ನರ್ ಗಂಟ ಬಿದ್ದ ನೋಡು ಆಕಿಗೆ." ಅವರು ಜೋರಾಗಿ ನಕ್ಕರು. "ನಿನಗ ಹೆಂಗ ಅನಸ್ತು?"

"ಹಕ್ಕಿ ಇರಲಿ ಬಿಡ್ರಿ ಕಾಕಾ," ಅಂದೆ. "ನನಗ ಅದು ಚಲೋ ಅನಸ್ತು."

ಕಾಕಾ ನಗು ನಿಲ್ಲಿಸಿ ಮಕ್ಕಳನ್ನು ಗದರಿದರು. ಆಮೇಲೆ, "ಐತವಾರ ಊಟಕ್ಕ ಬಾರವ್ವಾ," ಅಂದರು.

ಆ ಭಾನುವಾರ ಹಳಿ ದುರಸ್ತಿಗೆಂದು ರೈಲ್ವೆಯ ಮೆಗಾಬ್ಲಾಕ್, ಗಾಡಿಗಳಿಲ್ಲ. ಅದರ ಮುಂದಿನ ವಾರ ಅವರು ಊರಿಗೆ ಹೋಗಿದ್ದರು. ಸೀರೀಸಿಗೆ ಎರಡನೇ ಸೀಸನ್ ಇಲ್ಲವೆಂದು ತೀರ್ಮಾನವಾಯಿತು. ತಂಡದ ವಾಟ್ಸಾಪ್ ಗುಂಪಿನಲ್ಲಿ ಕೆಲವು ದಿನ ಹಬ್ಬದ ಶುಭಾಶಯ ಬರುತ್ತಿತ್ತು, ಆಮೇಲೆ ಅದೂ ನಿಂತಿತು. ನಾನು ಮತ್ತೆ ಸಬ್‌ಟೈಟಲ್ ಹಿಡಿದೆ. ಗುರುವಾರ ಬಂದರೆ ಮಾತ್ರ ಬೆಳಿಗ್ಗೆ ಬೇಗ ಸ್ನಾನ ಮುಗಿಸಿಬಿಡುತ್ತಿದ್ದೆ.

ಕೊನೆಗೊಂದು ಭಾನುವಾರ ಚೆಂಬೂರಿಗೆ ಹೋದೆ. ಒಂಬತ್ತು ಜನರ ನಡುವೆ ಕೂತು ರೊಟ್ಟಿ, ಎಣ್ಣೆಗಾಯಿ ಉಂಡೆ. ಸೀರೀಸಿನ ಮಾತು ಯಾರೂ ತೆಗೆಯಲಿಲ್ಲ. ಉಂಡ ಮೇಲೆ ಕಾಕಾ ಆ ಗದ್ದಲದ ನಡುವೆಯೇ ಗೋಡೆಯ ಕಡೆ ಹೊರಳಿ ನಿದ್ದೆ ಹೋದರು. "ಅವರು ಎದ್ದ ಮ್ಯಾಲೆ ಚಾ ಕುಡದ ಹೋಗ್ರಿ," ಅಂದರು ಸೊಸೆ. ಒಂದು ಮಗು ನನ್ನ ಮಡಿಲಲ್ಲಿ ತನ್ನ ಆಟಿಕೆ ಬಸ್ಸು ಬಿಟ್ಟು ಓಡಿತು. ಹೊರಡಬೇಕು ಎಂದು ಎರಡು ಸಲ ಎದ್ದೆ. ಎರಡು ಸಲವೂ ಕೂತೆ.